ಆರು ತಿಂಗಳು ಬರೀ ಎದೆಹಾಲು: ಅಜ್ಜಿಯರನ್ನು ಒಪ್ಪಿಸಿದ ನನ್ನ ಅನುಭವ

ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ, ಹತ್ತು ಹನ್ನೆರಡು ವರ್ಷ ಆಯಿತು. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ತಿಂಗಳ ಸಭೆಯಲ್ಲಿ ನಾನು ‘ನನ್ನ ಏರಿಯಾದಲ್ಲಿ 10ಕ್ಕೆ 7-8 ಮಕ್ಕಳು ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಏನೂ ಮುಟ್ಟಿಲ್ಲ’ ಅಂದಾಗ ಒಬ್ಬರೂ ನಂಬಲಿಲ್ಲ. ‘ರಿಜಿಸ್ಟರಲ್ಲಿ ನಮ್ಮದು 10ಕ್ಕೆ 10 ಬಿಡಕ್ಕ’ ಅಂತ ಪಕ್ಕದ ಊರಿನವಳು ನಕ್ಕಳು. ಆಮೇಲೆ ನಮ್ಮ ಸಿಸ್ಟರ್ ಒಂದು ದಿನ ಹೇಳದೆ ಕೇಳದೆ ಬಂದು ಮನೆಮನೆ ತಿರುಗಿ ವಿಚಾರಿಸಿಕೊಂಡು ಹೋದರು. ಈಗ ನಕ್ಕವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಲಾಭ, ಮಹತ್ವ ಎಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬರೆಯಲ್ಲ.

ಮೊದಲು ರಿಜಿಸ್ಟರ್ ವಿಷಯ. ‘ಎದೆಹಾಲು ಮಾತ್ರ ತಾನೇ ಕೊಡ್ತಿರೋದು?’ ಅಂತ ಕೇಳಿದರೆ ‘ಹೂಂ ಅಕ್ಕ’ ಅಂತಲೇ ಉತ್ತರ ಬರುತ್ತದೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ನೀರು, ಜೇನುತುಪ್ಪ, ಗ್ರೈಪ್ ವಾಟರ್, ಬಜೆ ಇವೆಲ್ಲ ಅವರ ಲೆಕ್ಕದಲ್ಲಿ ಆಹಾರವೇ ಅಲ್ಲ. ಹಾಗಾಗಿ ನಾನು ಪ್ರಶ್ನೆಯನ್ನೇ ಬದಲಿಸಿದೆ. ‘ನಿನ್ನೆ ಬೆಳಗ್ಗೆಯಿಂದ ಇವತ್ತು ಬೆಳಗ್ಗೆವರೆಗೆ ಮಗು ಬಾಯಿಗೆ ಏನೇನು ಹೋಯ್ತು? ಬೆರಳಲ್ಲಿ ನೆಕ್ಕಿಸಿದ್ದೂ ಸೇರಿಸಿ ಹೇಳು.’ ಇದನ್ನು ತಾಯಿಗೆ ಕೇಳುವುದಕ್ಕಿಂತ ಅಲ್ಲೇ ಆಡುತ್ತಿರುವ ದೊಡ್ಡ ಮಗುವಿಗೆ ಕೇಳಿ ನೋಡಿ. ‘ಅಜ್ಜಿ ಸಕ್ಕರೆ ನೀರು ಕುಡಿಸ್ತು’ ಅಂತ ತಟ್ಟನೆ ಹೇಳಿಬಿಡುತ್ತದೆ. ಎನ್‌ಎಫ್‌ಎಚ್‌ಎಸ್ ಅಂದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೆಯವರು ಕೇಳುವುದೂ ಹಿಂದಿನ ಒಂದು ದಿನದ್ದೇ. 2019-21ರ ಸರ್ವೆಯಲ್ಲಿ ಬರೀ ಎದೆಹಾಲು ಕುಡಿಯುವ ಮಕ್ಕಳು ಇಡೀ ದೇಶಕ್ಕೆ 100ಕ್ಕೆ 64ರ ಹತ್ತಿರ ಬಂತು, ನಮ್ಮ ರಾಜ್ಯ ಅದಕ್ಕಿಂತ ಸ್ವಲ್ಪ ಕೆಳಗೆ. ಅದು ನಿನ್ನೆ ಮೊನ್ನೆ ಹುಟ್ಟಿದ ಕೂಸಿನಿಂದ ಹಿಡಿದು ಆರು ತಿಂಗಳೊಳಗಿನ ಎಲ್ಲ ಮಕ್ಕಳನ್ನೂ ಸೇರಿಸಿದ ಲೆಕ್ಕ. ನಾಲ್ಕು ಐದು ತಿಂಗಳ ಮಕ್ಕಳನ್ನಷ್ಟೇ ತೆಗೆದು ನೋಡಿದರೆ ಬಹಳ ಇಳಿಯುತ್ತದೆ. ನಾನು ಹೀಗೆ ಕೇಳಲು ಶುರು ಮಾಡಿದಾಗ ನನ್ನ ಏರಿಯಾದಲ್ಲಿ ಆರು ತಿಂಗಳು ಮುಟ್ಟುತ್ತಿದ್ದವರು 10ಕ್ಕೆ 3 ಇದ್ದರೆ ಹೆಚ್ಚು.

ದುಡ್ಡು ಹಾಳಾದ ಕಥೆ ಹೇಳುತ್ತೇನೆ. 2016ರಲ್ಲಿ ಎದೆಹಾಲಿನ ಪ್ರಚಾರಕ್ಕೆ ಸರ್ಕಾರದ ‘ಮಾ’ ಕಾರ್ಯಕ್ರಮ ಬಂತಲ್ಲ, ಮೂರು ತಿಂಗಳಿಗೊಂದು ತಾಯಂದಿರ ಸಭೆ, ನಮಗೆ 100 ರೂಪಾಯಿ. ನಾನು ಉತ್ಸಾಹದಲ್ಲಿ ಸಭೆಗೆ ಟೀ ಬಿಸ್ಕತ್ತು ಇಟ್ಟೆ, ಅದೇ 200 ದಾಟಿತು. ಎಲ್ಲರೂ ತಲೆ ಆಡಿಸಿ, ಬಿಸ್ಕತ್ತು ತಿಂದು ಹೋದರು. ಮಾರನೇ ವಾರ ಹೋದರೆ ಕೂಸಿನ ಪಕ್ಕ ಬಾಟ್ಲಿ. ಆಮೇಲೆ ಒಂದು ಚಿತ್ರದ ಹಾಳೆ ಮಾಡಿಸಿ, ಲ್ಯಾಮಿನೇಶನ್ ಹಾಕಿಸಿ ಬಾಣಂತಿ ಮನೆಗಳಿಗೆ ಕೊಟ್ಟೆ, ಅದಕ್ಕೊಂದು ಏಳೆಂಟುನೂರು. ಒಂದು ಮನೆಯಲ್ಲಿ ಅದನ್ನು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡಿದ್ದರು. ವಾಟ್ಸಾಪ್ ಗ್ರೂಪ್ ಮಾಡಿ ವಿಡಿಯೋ ಹಾಕಿದೆ. ಹುಡುಗಿಯರು ನೋಡಿದರು, ಹಾರ್ಟ್ ಕಳಿಸಿದರು. ಮಗು ಅತ್ತಾಗ ಎತ್ತಿಕೊಳ್ಳುವವರು ಮಾತ್ರ ಆ ಗ್ರೂಪಲ್ಲಿ ಇರಲಿಲ್ಲ.

ಅಲ್ಲೇ ನನಗೆ ಹೊಳೆದದ್ದು. ಇಪ್ಪತ್ತೆರಡು ವರ್ಷದ ಹುಡುಗಿ, ಹೊಲಿಗೆ ನೋವು, ನಿದ್ದೆ ಇಲ್ಲ. ಅವಳ ಕೈಲಿ ತೀರ್ಮಾನ ಎಲ್ಲಿದೆ? ಮೊದಲ ಹೆರಿಗೆ ಅಂದರೆ ತವರುಮನೆ, ಅಲ್ಲಿ ಅವಳ ಅವ್ವ. ಮೂರನೇ ತಿಂಗಳೋ ಐದನೇ ತಿಂಗಳೋ ಗಂಡನ ಮನೆಗೆ ಬಂದರೆ ಅತ್ತೆ. ನಾವು ಹೇಳುವುದೆಲ್ಲ ಬಾಣಂತಿಗೆ, ನಡೆಯುವುದೆಲ್ಲ ಇವರಿಬ್ಬರ ಮಾತು. ನಾನು ಅಜ್ಜಿಯರನ್ನು ಹಿಡಿಯುತ್ತೇನೆ ಅಂದಾಗ ನಮ್ಮ ಜೊತೆಯವರು ‘ಅವರು ಕೇಳ್ತಾರಾ? ಬೈಸ್ಕೊಂಡು ಬರ್ತೀಯ’ ಅಂದರು. ಬೈಸಿಕೊಂಡಿದ್ದೂ ಹೌದು. ‘ಐದು ಮಕ್ಕಳ ಸಾಕಿವ್ನಿ ಕಣವ್ವ, ನೀನು ನಂಗೆ ಹೇಳ್ಕೊಡ್ತೀಯಾ?’ ಅಂತ ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದರು. ಆ ಮನೆಯ ಕೂಸು ಆಮೇಲೆ ಆರು ತಿಂಗಳೂ ಎದೆಹಾಲಿನಲ್ಲೇ ಬೆಳೆಯಿತು, ಅದು ಬೇರೆ ಮಾತು.

ನಮ್ಮ ಕಡೆ ಮನೆಗೊಂದು ಹಸು, ಬೆಳಗ್ಗೆ ಸಂಜೆ ಡೇರಿಗೆ ಹಾಲು. ಹಾಗಾಗಿ ಇಲ್ಲಿ ಎದೆಹಾಲಿಗೆ ದೊಡ್ಡ ಪೈಪೋಟಿ ಡಬ್ಬಿ ಹಾಲಲ್ಲ, ನೀರು ಬೆರೆಸಿದ ಹಸುವಿನ ಹಾಲು. ಅದಕ್ಕೆ ದುಡ್ಡೂ ಬೇಡ, ಡೇರಿಗೆ ಹೋಗುವ ಕ್ಯಾನಿನಿಂದ ಒಂದು ಲೋಟ ತೆಗೆದರೆ ಮುಗೀತು. ನಾನು ಆ ಹಸುವನ್ನೇ ಇಟ್ಟುಕೊಂಡು ಮಾತಾಡಿದೆ. ‘ದೊಡ್ಡವ್ವ, ಕರು ಹುಟ್ಟಿದ ತಕ್ಷಣ ಗಿಣ್ಣು ಕುಡಿಸದೆ ಬಿಡ್ತೀರಾ? ಎರಡು ಹೊತ್ತು ಹಾಲು ಕರೀದೆ ಬಿಟ್ರೆ ಮೂರನೇ ಹೊತ್ತು ಎಷ್ಟು ಕೊಡ್ತದೆ?’ ಅಷ್ಟೇ ಸಾಕು. ಹೀರಿದಷ್ಟೂ ಹಾಲು ಬರುತ್ತದೆ, ಹೀರದಿದ್ದರೆ ಇಳಿದುಹೋಗುತ್ತದೆ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸೊಸೆ ವಿಷಯದಲ್ಲಿ ಮಾತ್ರ ನೆನಪಾಗಲ್ಲ.

ಆದರೆ ಮಾತು ಒಂದು ವಾರಕ್ಕೆ ಸಾಲುತ್ತದೆ, ಆರು ತಿಂಗಳಿಗೆ ಸಾಲಲ್ಲ. ‘ಹಾಲು ಸಾಲ್ತಿಲ್ಲ’ ಅನ್ನುವ ಭಯ ಹೋಗಬೇಕಾದರೆ ಕಣ್ಣಿಗೆ ಕಾಣುವ ಲೆಕ್ಕ ಬೇಕು. ಎದೆ ಮೇಲೆ ಅಳತೆ ಗೆರೆ ಇರಲ್ಲವಲ್ಲ. ಅದಕ್ಕೇ ಹುಣಸೆ ಬೀಜ. ಅಜ್ಜಿ ಕೈಗೆ ಒಂದು ಲೋಟ, ಒಂದು ಹಿಡಿ ಬೀಜ ಕೊಡುತ್ತೇನೆ. ಕೂಸು ಒಂದು ಬಟ್ಟೆ ಒದ್ದೆ ಮಾಡಿದರೆ ಒಂದು ಬೀಜ ಲೋಟಕ್ಕೆ. ಐದಾರು ದಿನದ ಕೂಸಿಗೆ ದಿನಕ್ಕೆ ಆರು ಬೀಜ ಅಥವಾ ಜಾಸ್ತಿ ಬಿದ್ದರೆ ಹಾಲು ಸಾಲುತ್ತಿದೆ ಅಂತ. ಓದು ಬರದ ಅಜ್ಜಿಯರೂ ಲೆಕ್ಕ ಇಟ್ಟರು. ಪಕ್ಕದ ಮನೆಯವರು ‘ಕೂಸು ಸೊರಗಿದೆ’ ಅಂದರೆ ಲೋಟ ಅಲ್ಲಾಡಿಸಿ ತೋರಿಸುತ್ತಾರೆ. ಲೆಕ್ಕ ಇಡುವ ಕೆಲಸ ಅವರದ್ದೇ ಆದ ಮೇಲೆ ಹಾಲೂ ಅವರ ಜವಾಬ್ದಾರಿ ಆಯಿತು, ನನಗೆ ವಾದ ಮಾಡುವ ಕೆಲಸ ಕಡಿಮೆ ಆಯಿತು.

ಇದರಲ್ಲಿ ಎರಡು ತೊಡಕು. ಒಂದು, ಪ್ಯಾಂಪರ್ಸ್ ಹಾಕುವ ಮನೆಯಲ್ಲಿ ಬೀಜ ನಡೆಯಲ್ಲ. ಮೊದಲ ತಿಂಗಳಾದರೂ ಹಗಲು ಹೊತ್ತು ಹಳೇ ಪಂಚೆ ಬಟ್ಟೆ ಕಟ್ಟಿ ಅಂತ ಕಾಡಿ ಬೇಡುತ್ತೇನೆ. ಇನ್ನೊಂದು, ನೀರು ಕುಡಿಸಿದರೂ ಬಟ್ಟೆ ಒದ್ದೆಯಾಗುತ್ತದೆ. ಬೀಜ ಹತ್ತು ಇದ್ದು ತೂಕ ಏರದಿದ್ದರೆ ಎಲ್ಲೋ ನೀರು ಹೋಗುತ್ತಿರಬಹುದು. ಆದ್ದರಿಂದ ತೂಕ ಬಿಡಬಾರದು. ಮೂರನೇ ದಿನ ತೂಕ ಇಳಿದಿರುತ್ತದೆ, ಅದನ್ನು ಮುಂಚೆಯೇ ಹೇಳಿಟ್ಟಿರಬೇಕು. ಮೂರು ಕೆಜಿ ಕೂಸು ಇನ್ನೂರು ಗ್ರಾಂ ಇಳಿದರೆ ಹೆದರಬೇಡಿ, ಎರಡು ವಾರದೊಳಗೆ ವಾಪಸ್ ಬರುತ್ತದೆ, ಆಮೇಲೆ ದಿನಕ್ಕೆ 20-30 ಗ್ರಾಂ ಏರುತ್ತದೆ ಅಂತ. ಮುಂಚೆ ಹೇಳದೆ ಮೂರನೇ ದಿನ ತೂಗಿದರೆ ನಾವೇ ಡಬ್ಬಿ ತರಿಸಿದ ಹಾಗೆ. ನೂರಕ್ಕೆ ಹತ್ತರಷ್ಟು ಇಳಿದರೆ, ಎರಡು ವಾರ ಆದರೂ ಏರದಿದ್ದರೆ, ಕೂಸು ಮಂಕಾದರೆ, ಕಾಮಾಲೆಯ ಹಳದಿ ಕಾಲಿನವರೆಗೆ ಇಳಿದರೆ ಬೀಜ ಗೀಜ ಬಿಟ್ಟು ಆಸ್ಪತ್ರೆಗೆ ಕಳಿಸುತ್ತೇನೆ. ಅಂಥ ಎರಡು ಮೂರು ಕೂಸುಗಳಿಗೆ ಡಾಕ್ಟರೇ ಮೇಲಿನ ಹಾಲು ಬರೆದುಕೊಟ್ಟರು, ನಾನು ತಕರಾರು ಮಾಡಲಿಲ್ಲ.

ಎಲ್ಲಿ ಕೈತಪ್ಪುತ್ತದೆ ಅಂತ ನೋಡಿದರೆ ಮೊದಲ ಜಾಗ ಆಸ್ಪತ್ರೆಯೇ. ಸಿಸೇರಿಯನ್ ರಾಜ್ಯದಲ್ಲಿ 100ಕ್ಕೆ 31ರಷ್ಟು ಅಂತ 2019-21ರ ಅದೇ ಸರ್ವೆ ಹೇಳುತ್ತದೆ, ಖಾಸಗಿಯಲ್ಲಿ ಇನ್ನೂ ಜಾಸ್ತಿ. ಮಂಡ್ಯದ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ತಾಯಿ ಇನ್ನೂ ವಾರ್ಡಿಗೆ ಬಂದಿರಲ್ಲ, ಅಷ್ಟರಲ್ಲಿ ಡಬ್ಬಿ ತನ್ನಿ ಅಂತ ಚೀಟಿ ಕೈಗೆ ಬಂದಿರುತ್ತದೆ. ಈ ಡಬ್ಬಿಗಳ ಪ್ರಚಾರ ಮಾಡಬಾರದು ಅಂತ 1992ರಿಂದ ಕಾನೂನೇ ಇದೆ, ಚೀಟಿಗೆ ಅದೆಲ್ಲ ತಾಗುವುದಿಲ್ಲ. ನಾನು ಅಲ್ಲಿ ಹೋಗಿ ಜಗಳ ಆಡಲು ಆಗಲ್ಲ. ಅದಕ್ಕೆ ಎಂಟನೇ ತಿಂಗಳಲ್ಲೇ ಜೊತೆಗೆ ಹೋಗುವ ಅಜ್ಜಿಯನ್ನು ಕೂರಿಸಿ ಮೂರು ಕೆಲಸ ಕಲಿಸುತ್ತೇನೆ. ತಾಯಿ ಮಲಗಿದ್ದಂತೆಯೇ ಕೂಸನ್ನು ಅವಳ ಪಕ್ಕೆಗೆ ಹಿಡಿಯುವುದು. ಕೂಸು ಚೀಪದಿದ್ದರೆ ಕೈಯಲ್ಲೇ ಎದೆಹಾಲು ಹಿಂಡಿ ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲು) ಕುಡಿಸುವುದು. ಮತ್ತೆ, ಡಬ್ಬಿ ತನ್ನಿ ಅಂದರೆ ‘ಯಾಕೆ ಅಂತ ಡಾಕ್ಟರನ್ನೇ ಒಂದು ಮಾತು ಕೇಳ್ತೀನಿ’ ಅನ್ನುವುದು. ಮೂರನೆಯದೇ ಜಾಸ್ತಿ ಕೆಲಸ ಮಾಡಿದೆ.

ಒಳಲೆ ಅಂದೆನಲ್ಲ, ಅದನ್ನೇ ತೋರಿಸುವುದಕ್ಕೂ ಬಳಸುತ್ತೇನೆ. ಅವರ ಮನೆಯ ಒಳಲೆಗೆ ಒಂದು ಟೀ ಚಮಚ ನೀರು ಹಾಕಿ, ‘ಮೊದಲ ದಿನ ಕೂಸಿಗೆ ಒಂದು ಹೊತ್ತಿಗೆ ಬೇಕಾಗೋದು ಇಷ್ಟೇ’ ಅನ್ನುತ್ತೇನೆ. ಐದು ಎಂಎಲ್, ತಳವೂ ಸರಿಯಾಗಿ ಮುಚ್ಚಲ್ಲ. ‘ಇಷ್ಟೇನಾ!’ ಅಂತಾರೆ. ಆಮೇಲೆ ಆ ಹಳದಿ ಹಾಲು ನಾಲ್ಕು ಹನಿ ಬಂದರೂ ‘ಏನೂ ಬರ್ತಿಲ್ಲ’ ಅನ್ನಲ್ಲ.

ಎರಡನೇ ಜಾಗ ಆರನೇ ವಾರದ ಆಸುಪಾಸು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಎದೆ ಮೆತ್ತಗಾಗುತ್ತದೆ, ಸೋರುವುದು ನಿಲ್ಲುತ್ತದೆ. ಅದೇ ಹೊತ್ತಿಗೆ ಕೂಸು ಸಂಜೆ ಹೊತ್ತು ಬಿಡದೆ ಅಳುತ್ತದೆ, ಗಂಟೆಗೊಂದು ಸಲ ಚೀಪಬೇಕು ಅನ್ನುತ್ತದೆ. ‘ಹಾಲು ಬತ್ತೋಯ್ತು’ ಅಂತ ಮನೆಯವರೆಲ್ಲ ಒಟ್ಟಿಗೆ ತೀರ್ಪು ಕೊಡುತ್ತಾರೆ. ನಿಜವಾಗಿ ಹಾಲು ಆಗ ಕೂಸಿನ ಲೆಕ್ಕಕ್ಕೆ ಹೊಂದಿಕೊಂಡಿರುತ್ತದೆ. ನಾನು ಈ ವಾರದಲ್ಲಿ ತಪ್ಪದೆ ಹೋಗಿ ಬೀಜ ಎಣಿಸಿ, ತೂಗಿ ಬರುತ್ತೇನೆ. ಎರಡು ಮೂರು ದಿನ ಕೇಳಿದಷ್ಟು ಸಲ ಚೀಪಲು ಬಿಟ್ಟರೆ ತಾನಾಗೇ ಸರಿಹೋಗುತ್ತದೆ. ಆ ಮೂರು ದಿನ ಅಜ್ಜಿ ಬಾಣಂತಿಗೆ ಪಾತ್ರೆ ಬಟ್ಟೆ ಕೆಲಸ ಹೇಳಬಾರದು, ಅದೊಂದೇ ನನ್ನ ಷರತ್ತು.

ಬಜೆಗೆ ಬರೋಣ. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದನ್ನು ನಿಲ್ಲಿಸಿ ಅಂದರೆ ಮನೆ ಬಾಗಿಲು ಮುಚ್ಚಿದ ಹಾಗೆಯೇ. ನಾನು ನಿಲ್ಲಿಸಿ ಅನ್ನಲಿಲ್ಲ. ‘ಬಾಯಿಗೆ ಬೇಡ, ಉಡುದಾರಕ್ಕೆ ಕಟ್ಟಿ’ ಅಂದೆ. ಮಣಿಕಟ್ಟಿಗೆ ಕಟ್ಟಿದರೆ ಕೂಸು ಚೀಪುತ್ತದೆ, ಅದಕ್ಕೆ ಉಡುದಾರ. ಹೊಟ್ಟೆನೋವು ಅಂದರೆ ಹೊಟ್ಟೆ ಮೇಲೆ ಬೆಚ್ಚಗೆ ಹರಳೆಣ್ಣೆ ಸವರಿ ಅಂದೆ. ದೃಷ್ಟಿಯೂ ಹೋಯಿತು, ಬಾಯಿಯೂ ಉಳಿಯಿತು. ಬೇಸಿಗೆಯಲ್ಲಿ ನೀರು ಬೇಕು ಅನ್ನುವವರಿಗೆ ಎದೆಹಾಲಲ್ಲಿ 100ಕ್ಕೆ 87-88 ಪಾಲು ನೀರೇ ಅಂತ ಹೇಳುತ್ತೇನೆ. ಬಾಣಂತಿಗೇ ನೀರು ಕಡಿಮೆ ಕೊಡುವ ಮನೆಗಳಿಗೆ ಜೀರಿಗೆ ಹಾಕಿ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ತುಂಬಿಡಿ ಅನ್ನುತ್ತೇನೆ. ಜೀರಿಗೆ ಬಿದ್ದರೆ ಅದು ಔಷಧಿ, ಯಾರೂ ಅಡ್ಡ ಬರಲ್ಲ. ಸಬ್ಬಸಿಗೆ ಸೊಪ್ಪಿನಿಂದ ಹಾಲು ಹೆಚ್ಚುತ್ತದಾ ಅಂತ ಒಂದೆರಡು ಮನೆಯಲ್ಲಿ ತೂಕ ಬರೆದಿಟ್ಟು ನೋಡಿದೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ. ಆದರೂ ತಿನ್ನಲಿ, ಸೊಪ್ಪು ಸೊಪ್ಪೇ.

ಕತ್ತೆ ಹಾಲಿನವನ ಮುಂದೆ ಮಾತ್ರ ಇವತ್ತಿಗೂ ಸೋಲುತ್ತಿದ್ದೇನೆ. ಕತ್ತೆ ಹಿಡಿದುಕೊಂಡು ಬೀದಿಯಲ್ಲಿ ಕೂಗುತ್ತಾ ಬರುತ್ತಾನೆ, ಒಂದು ಒಳಲೆಗೆ 50ರಿಂದ 100 ರೂಪಾಯಿ. ಅಂಗನವಾಡಿಯ ಮೊಟ್ಟೆಗೆ ನೂರು ಪ್ರಶ್ನೆ ಕೇಳುವವರು ಅವನಿಗೆ ಒಂದೂ ಕೇಳಲ್ಲ. ಉಪಾಯ ಗೊತ್ತಿರುವವರು ನನಗೆ ಹೇಳಿಕೊಡಿ.

ಇನ್ನು ಗಾರ್ಮೆಂಟ್ಸ್. ನಮ್ಮೂರಿಂದ ಬೆಳಗ್ಗೆ ಏಳೂವರೆಗೆ ವ್ಯಾನ್ ಹೊರಟರೆ ವಾಪಸ್ ಬರುವುದು ಸಂಜೆ ಆರೂವರೆ. ಇಎಸ್‌ಐನಲ್ಲಿ (ಕಾರ್ಮಿಕರ ವಿಮೆ) ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ, ಅಂದರೆ ಸರಿಯಾಗಿ ಆರು ತಿಂಗಳು. ಆದರೆ ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು, ಮುಂಚೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಉಳಿಯುವುದು 18 ವಾರ, ನಾಲ್ಕು ತಿಂಗಳ ಮೇಲೆ ಸ್ವಲ್ಪ. ಅಲ್ಲಿಗೆ ಎದೆಹಾಲು ಮುಗಿಯಿತು. ಕೆಲವರು ಪಿಎಫ್ ದುಡ್ಡು ಬಿಡಿಸಿಕೊಳ್ಳಲು ಕೆಲಸ ಬಿಟ್ಟು ಮತ್ತೆ ಸೇರಿರುತ್ತಾರೆ. ರಜೆ ದುಡ್ಡಿಗೆ ಇಎಸ್‌ಐ ಕಟ್ಟಿರಬೇಕಾದ ಹಿಂದಿನ 70 ದಿನದ ಲೆಕ್ಕ ಅವರದ್ದು ತುಂಬಿರಲ್ಲ, ರಜೆ ದುಡ್ಡೇ ಇಲ್ಲ. ಹಾಗಾಗಿ ನಾನು ಬಸುರಿಗೆ ತಾಯಿ ಕಾರ್ಡ್ ಮಾಡಿಸುವ ದಿನ ಎದೆಹಾಲಿನ ಮಾತು ತೆಗೆಯಲ್ಲ, ರಜೆ ಲೆಕ್ಕ ಮಾತಾಡುತ್ತೇನೆ. ಡಾಕ್ಟರ್ ಆಗಬಹುದು ಅಂದರೆ, ಮೈ ಹಗುರಾಗಿದ್ದರೆ ಮುಂಚಿನ ರಜೆ ಕಡಿಮೆ ಮಾಡಿ, ಹಿಂದಕ್ಕೆ ಉಳಿಸಿಕೊಳ್ಳಿ ಅಂತ. ನಮ್ಮ ಊರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಜನ ಈಗ ಹೆರಿಗೆ ಆದ ಮೇಲೆ ಐದು ತಿಂಗಳ ಹತ್ತಿರ ಮನೆಯಲ್ಲಿ ಇರುತ್ತಾರೆ. ನನ್ನ ಎಲ್ಲ ಭಾಷಣಕ್ಕಿಂತ ಈ ಒಂದು ಲೆಕ್ಕ ಜಾಸ್ತಿ ಹಾಲು ಕುಡಿಸಿದೆ.

ಉಳಿದ ಒಂದು ತಿಂಗಳಿಗೆ ಹಿಂಡಿಟ್ಟ ಹಾಲು. ಇದಕ್ಕೆ ಪಂಪ್ ತಂದೆ, ಕೈಯಲ್ಲಿ ಒತ್ತುವಂಥದ್ದು, ನಾನೂರೋ ಐನೂರೋ. ನೋವು ಅಂತ ಯಾರೂ ಬಳಸಲಿಲ್ಲ. ಕೈಯಲ್ಲಿ ಹಿಂಡುವುದೇ ಸರಿ, ಕೆಲಸಕ್ಕೆ ಹೋಗುವ ಎರಡು ವಾರ ಮುಂಚೆ ಶುರು ಮಾಡಬೇಕು. ಮೊದಲ ದಿನ 10-15 ಎಂಎಲ್ ಬಂದರೆ ಅಳುಮುಖ ಮಾಡುತ್ತಾರೆ. ವಾರದಲ್ಲಿ 60-80 ಬರುತ್ತದೆ. ಹಗಲಿಗೆ ಮುನ್ನೂರು ಎಂಎಲ್ ಸುಮಾರು ಬೇಕು. ಫ್ರಿಜ್ ಇದ್ದರೆ ಒಂದು ದಿನ ಇಡಬಹುದು. ಇಲ್ಲದ ಮನೆಗೆ ಪಕ್ಕದ ಮನೆ ಫ್ರಿಜ್ ಕೇಳಿದೆ. ‘ಎದೆಹಾಲು ನಮ್ಮ ಫ್ರಿಜ್ಜಲ್ಲಾ?’ ಅಂತ ಮುಖ ಸಿಂಡರಿಸಿದರು. ಮರಳು ಹಾಕಿ ನೀರು ಚಿಮುಕಿಸಿದ ಮಡಕೆ ಪ್ರಯೋಗ ಮಾಡಿದೆ. ನಮ್ಮ ಕಿಟ್ಟಿನ ಥರ್ಮಾಮೀಟರ್ ಜ್ವರ ನೋಡುವುದು, ತಣ್ಣಗಿನದು ತೋರಿಸಲ್ಲ. ಡೇರಿಯ ಸೆಕ್ರೆಟರಿ ಹತ್ತಿರ ಇಸಿದುಕೊಂಡು ನೋಡಿದೆ. ಹೊರಗೆ 34-35 ಇದ್ದಾಗ ಮಡಕೆ ಒಳಗೆ 24ರ ಹತ್ತಿರ. ಚೆನ್ನಾಗೇ ಇದೆ, ಆದರೆ ಫ್ರಿಜ್ ಅಲ್ಲ. ಹೊರಗಿಟ್ಟ ಹಾಲಿನ ಹಾಗೆ ನಾಲ್ಕು ಗಂಟೆ ಒಳಗೇ ಮುಗಿಸಿ ಅಂತಲೇ ಹೇಳುತ್ತೇನೆ. ಇನ್ನೊಂದು, ಅಜ್ಜಿಯರು ಅಭ್ಯಾಸಬಲದಿಂದ ಅದನ್ನೂ ಒಲೆ ಮೇಲಿಟ್ಟು ಕಾಯಿಸುತ್ತಾರೆ. ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು. ಕುಡಿಸುವುದು ಒಳಲೆಯಲ್ಲೇ, ಬಾಟ್ಲಿ ರುಚಿ ಹತ್ತಿದರೆ ಸಂಜೆ ಬಂದ ತಾಯಿಯನ್ನು ಕೂಸು ಒದೆಯುತ್ತದೆ.

ಗಂಡಸರಿಗೆ ನಾನು ದುಡ್ಡಿನ ಮಾತೇ ಆಡುವುದು. 400 ಗ್ರಾಂ ಡಬ್ಬಿ ನಾನೂರು ರೂಪಾಯಿ ಮೇಲೆ, ಮೂರು ತಿಂಗಳ ಕೂಸಿಗೆ ಬರೀ ಅದನ್ನೇ ಸರಿಯಾದ ಅಳತೆಯಲ್ಲಿ ಕೊಟ್ಟರೆ ತಿಂಗಳಿಗೆ ಏಳೆಂಟು ಡಬ್ಬಿ, ಮೂರು ಸಾವಿರದ ಮೇಲೆ. ಹೆಂಡತಿ ಗಾರ್ಮೆಂಟ್ಸಿನಲ್ಲಿ ತರುವುದು 11-12 ಸಾವಿರ. ‘ಹಾಗಾದ್ರೆ ಒಂದು ವಾರ ಡಬ್ಬಿಗೇ ದುಡಿಯೋದಾ?’ ಅಂತ ಒಬ್ಬ ತಾನೇ ಲೆಕ್ಕ ಹಾಕಿ ಹೇಳಿದ.

ತೀರಾ ಹಟದ ಅಜ್ಜಿ, ಯಾವುದಕ್ಕೂ ಬಗ್ಗದವರು, ಅಂಥವರಿಗೆ ನನ್ನ ಹತ್ತಿರ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಮೊಮ್ಮಕ್ಕಳು ಮೊಬೈಲಲ್ಲಿ ಓದಿ ಅವರಿಗೆ ಹೇಳಿಬಿಡುತ್ತಾರೆ, ಆಮೇಲೆ ನಡೆಯಲ್ಲ. ಸಭೆಯಲ್ಲಿ ಸಿಕ್ಕಾಗ ಕಿವಿಯಲ್ಲಿ ಹೇಳುತ್ತೇನೆ.

ಕೊನೆಗೆ ನಮ್ಮ ಮೇಲಿನವರು ಓದುತ್ತಿದ್ದರೆ ಒಂದು ಮಾತು. ನಮ್ಮ ನವಜಾತ ಶಿಶು ಭೇಟಿ 42ನೇ ದಿನಕ್ಕೆ ಮುಗಿಯುತ್ತದೆ, ಎಲ್ಲ ಭೇಟಿಗೂ ಸೇರಿ 250 ರೂಪಾಯಿ. ಆಮೇಲಿನದು ಮೂರನೇ ತಿಂಗಳು, ಅದಕ್ಕೆ 50. ಅದಾದ ಮೇಲೆ ಆರನೇ ತಿಂಗಳು. ಕೂಸು ಗಂಡನ ಮನೆಗೆ ಬರುವುದು, ತಾಯಿ ವ್ಯಾನ್ ಹತ್ತುವುದು ಎಲ್ಲ ಮೂರಕ್ಕೂ ಆರಕ್ಕೂ ನಡುವೆ. ಬಾಟ್ಲಿ ಬರುವುದೂ ಆಗಲೇ. ನಾಲ್ಕನೇ, ಐದನೇ ತಿಂಗಳು ನಾನು ಹೋಗುತ್ತಿರುವುದು ನನ್ನ ಕಾಲಲ್ಲಿ, ನನ್ನ ಪೆಟ್ರೋಲಲ್ಲಿ. ಪೋಸ್ಟರ್ ಅಚ್ಚು ಹಾಕಿಸುವ ದುಡ್ಡಲ್ಲಿ ಈ ಎರಡು ಭೇಟಿಗೆ ಐವತ್ತೈವತ್ತು ಕೊಡಿ, ತೂಕದ ಯಂತ್ರದ ಸೆಲ್ ನಾವೇ ಹಾಕಿಸಿಕೊಳ್ಳುತ್ತೇವೆ.